ಕಪ್ಪಾದ ಉಗುರು, ಬಗ್ಗದ ಫಂಗಸ್: ಮಲೆನಾಡಿನವರು ನಿಜಕ್ಕೂ ಯಾವುದಕ್ಕೆ ಹೆದರಬೇಕು?

ಔಷಧಕ್ಕೆ ಬಗ್ಗದ ಹೊಸ ಫಂಗಸ್ ಬಂದಿದೆ, ಅದು ಹುಟ್ಟಿದ್ದು ಭಾರತದಲ್ಲಿ, ಈಗ ಅಮೆರಿಕಕ್ಕೂ ಹೋಗಿದೆ. ಈ ಸುದ್ದಿ ಕೆಲವು ಸಮಯದಿಂದ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಸುದ್ದಿಯ ಜೊತೆಗೆ ದಪ್ಪಗಾಗಿ ಹಳದಿ ತಿರುಗಿದ ಕಾಲುಗುರಿನ ಒಂದು ಫೋಟೊವೂ ಇರುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಂಥ ಉಗುರು ಯಾರಿಗೂ ಹೊಸದಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಗದ್ದೆ, ತೋಟಕ್ಕೆ ಇಳಿಯುವವರ ಕಾಲು ನೋಡಿದರೆ ಸಾಕು. ಹಾಗಾಗಿ ಫೋಟೊ ನೋಡಿದವರು ತಮ್ಮ ಕಾಲು ನೋಡಿಕೊಳ್ಳುತ್ತಾರೆ, ಆಮೇಲೆ ಗಾಬರಿಯಾಗುತ್ತಾರೆ. ಇನ್ನು ಕೆಲವರು, ಹತ್ತು ವರ್ಷದಿಂದ ಹೀಗೇ ಇದೆ, ಏನಾಯ್ತು ಈಗ, ಅಂತ ಸುಮ್ಮನಾಗುತ್ತಾರೆ.

ಎರಡೂ ಸರಿಯಲ್ಲ. ಸುದ್ದಿಯಲ್ಲಿರುವ ಫಂಗಸ್ ಬೇರೆ, ಉಗುರು ತಿನ್ನುವ ಫಂಗಸ್ ಹೆಚ್ಚಿನ ಸಲ ಬೇರೆ. ಆದರೆ ಎರಡಕ್ಕೂ ನಡುವೆ ಒಂದು ದಾರಿ ಇದೆ. ಆ ದಾರಿ ಹಾದುಹೋಗುವುದು ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಒಂದು ಸಣ್ಣ ಟ್ಯೂಬಿನ ಮೂಲಕ. ಅದನ್ನೇ ಇಲ್ಲಿ ಬಿಡಿಸಿ ನೋಡೋಣ.

ಮೂರು ಫಂಗಸ್, ಒಂದೇ ಹೆಸರು

ಗೊಂದಲ ಶುರುವಾಗುವುದೇ ಹೆಸರಿನಿಂದ. 2021ರಲ್ಲಿ ಕೋವಿಡ್ ಎರಡನೇ ಅಲೆ ಬಂದಾಗ 'ಬ್ಲ್ಯಾಕ್ ಫಂಗಸ್' ಅನ್ನುವ ಮಾತು ಎಲ್ಲರ ಬಾಯಲ್ಲೂ ಬಂತು. ಅದು ಮ್ಯೂಕರ್‌ಮೈಕೋಸಿಸ್. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಸ್ಟೀರಾಯ್ಡ್ ಜಾಸ್ತಿ ತೆಗೆದುಕೊಂಡವರಿಗೆ ಮೂಗು, ಕಣ್ಣು, ಮಿದುಳಿನ ತನಕ ಹಬ್ಬಿ ಜೀವ ತೆಗೆಯುವ ರೋಗ. ಉಗುರು ಕಪ್ಪಾಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಪ್ಪು ಅನ್ನುವ ಪದ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಹೆಬ್ಬೆರಳಿನ ಉಗುರು ಕಪ್ಪಗೆ ಕಂಡ ಕೂಡಲೇ ಅದೇ ನೆನಪಾಗುತ್ತದೆ.

ಎರಡನೆಯದು ಈಗ ಸುದ್ದಿಯಲ್ಲಿರುವ ಟ್ರೈಕೊಫೈಟಾನ್ ಇಂಡೊಟಿನಿಯೆ. ಇದು ಹುಳುಕಡ್ಡಿ ತರುವ ಜಾತಿಯದು, ನಮ್ಮಲ್ಲಿ ಗಜಕರ್ಣ ಅಂತಲೂ ಕರೆಯುತ್ತೇವಲ್ಲ, ಅದೇ. ತೊಡೆಸಂದಿ, ಸೊಂಟ, ಕಂಕುಳಲ್ಲಿ ಉಂಗುರದ ಹಾಗೆ ಹರಡುತ್ತದೆ. ವಿಪರೀತ ತುರಿಕೆ. ಹೆಸರಿನಲ್ಲೇ ಇಂಡಿಯಾ ಇದೆ, ಯಾಕೆಂದರೆ 2020ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಹೆಸರಿಟ್ಟಾಗ ಅದು ಸಿಕ್ಕಿದ್ದು ಅಲ್ಲಿದ್ದ ಭಾರತ ಮತ್ತು ನೇಪಾಳ ಮೂಲದ ರೋಗಿಗಳಲ್ಲಿ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇದನ್ನು ವರದಿ ಮಾಡಿತು. ಒಬ್ಬರಿಗೆ ಬಾಂಗ್ಲಾದೇಶದಲ್ಲಿದ್ದಾಗ ಶುರುವಾಗಿತ್ತು. ಇನ್ನೊಬ್ಬರು ಇತ್ತೀಚೆಗೆ ಹೊರದೇಶಕ್ಕೆ ಹೋದವರೇ ಅಲ್ಲ. ಅಂದರೆ ಅದು ಅಲ್ಲೇ ಒಬ್ಬರಿಂದ ಒಬ್ಬರಿಗೆ ದಾಟುತ್ತಿರಬಹುದು. ಫಂಗಸ್‌ಗೆ ಸಾಮಾನ್ಯವಾಗಿ ಕೊಡುವ ಟರ್ಬಿನಾಫಿನ್ ಅನ್ನುವ ಮಾತ್ರೆ ಇಬ್ಬರಿಗೂ ಹತ್ತಲಿಲ್ಲ. ಸುದ್ದಿ ದೊಡ್ಡದಾಗಿದ್ದು ಅಲ್ಲಿಂದ.

ಮೂರನೆಯದು ಉಗುರಿನ ಫಂಗಸ್. ಹೆಚ್ಚಾಗಿ ಟ್ರೈಕೊಫೈಟಾನ್ ರೂಬ್ರಮ್ ಅನ್ನುವ ಹಳೆಯ ಜಾತಿ. ಇಂಡೊಟಿನಿಯೆಯ ದಾಯಾದಿ ಅನ್ನಬಹುದು, ಆದರೆ ಸ್ವಭಾವ ಬೇರೆ. ಅದು ಬೆಂಕಿಯ ಹಾಗೆ ಹರಡಿದರೆ, ಇದು ಗೆದ್ದಲಿನ ಹಾಗೆ ನಿಧಾನ. ಇಂಡೊಟಿನಿಯೆ ಉಗುರಿಗೆ ಬರುವುದೇ ಇಲ್ಲ ಅಂತಲ್ಲ, ಅಪರೂಪ ಅಷ್ಟೆ.

ಉಗುರಿನೊಳಗೆ ನಡೆಯುವುದೇನು

ಅಡಿಕೆ ತೋಟ ಇರುವವರಿಗೆ ಫಂಗಸ್ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಎಲೆಚುಕ್ಕಿ ರೋಗ ಒಂದು ಸೋಗೆಯಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ ಅಂತ ನೋಡಿದವರು ಅವರು. ತೇವ ಬೇಕು, ಗಾಳಿ ಬೆಳಕು ಕಮ್ಮಿ ಇರಬೇಕು, ಒಳಗೆ ಹೋಗಲು ಒಂದು ಸಣ್ಣ ಗಾಯ ಇರಬೇಕು. ಉಗುರಿಗೂ ಇಷ್ಟೇ ಸಾಕು.

ಉಗುರು ಅಂದರೆ ಗಟ್ಟಿಯಾದ ಕೆರಾಟಿನ್. ಈ ಫಂಗಸ್‌ಗೆ ಕೆರಾಟಿನ್ನೇ ಊಟ. ಮೊದಲು ಬೆರಳ ಸಂದಿಯಲ್ಲಿ ಕೂರುತ್ತದೆ. ಸಂದಿ ಬೆಳ್ಳಗಾಗಿ ನೆನೆದು ಬಿರಿಯುತ್ತದೆ, ಕೆಸರುಹುಣ್ಣು ಅಂತ ಸುಮ್ಮನಿರುತ್ತೇವೆ. ಅಲ್ಲಿಂದ ಉಗುರಿನ ತುದಿ ಮತ್ತು ಅದರ ಅಡಿಯ ಚರ್ಮದ ನಡುವೆ ನುಸುಳುತ್ತದೆ. ಬುಡದ ಕಡೆಗೆ ಮೆಲ್ಲಗೆ ಸಾಗುತ್ತದೆ. ಉಗುರಿನ ಅಡಿಯಲ್ಲಿ ಹಳದಿ ಹಿಟ್ಟಿನಂಥದ್ದು ತುಂಬಿಕೊಳ್ಳುತ್ತದೆ, ಉಗುರು ಮೇಲಕ್ಕೆ ಎದ್ದು ದಪ್ಪಗಾಗುತ್ತದೆ, ಅಂಚು ಪುಡಿಪುಡಿಯಾಗಿ ಉದುರುತ್ತದೆ. ಕತ್ತರಿಸಲು ಹೋದರೆ ಉಗುರು ಕತ್ತರಿ ಹಿಡಿಯುವುದೇ ಇಲ್ಲ.

ಇಲ್ಲಿ ಒಂದು ವಿಷಯ ಚೆನ್ನಾಗಿ ಗೊತ್ತಿರಬೇಕು. ಉಗುರಿನೊಳಗೆ ರಕ್ತನಾಳ ಇಲ್ಲ. ದೇಹದ ರಕ್ಷಣಾ ಪಡೆ ಅಲ್ಲಿಗೆ ನೇರವಾಗಿ ಹೋಗುವುದಿಲ್ಲ. ಮೇಲೆ ಹಚ್ಚಿದ ಮುಲಾಮೂ ದಪ್ಪ ಉಗುರನ್ನು ದಾಟುವುದು ಕಷ್ಟ. ಹಾಗಾಗಿ ಫಂಗಸ್‌ಗೆ ಇದು ಒಳ್ಳೆಯ ಅಡಗುದಾಣ. ಚರ್ಮದ ಮೇಲಿನ ಹುಳುಕಡ್ಡಿ ವಾಸಿಯಾದರೂ ಉಗುರಿನಲ್ಲಿ ಉಳಿದದ್ದು ಮತ್ತೆ ಹೊರಗೆ ಬರುತ್ತದೆ. ತೊಡೆಸಂದಿಯ ತುರಿಕೆ ಮತ್ತೆ ಮತ್ತೆ ಯಾಕೆ ಬರುತ್ತಿದೆ ಅಂತ ತಲೆ ಕೆಡಿಸಿಕೊಂಡವರು ಎಷ್ಟೋ ಸಲ ತಮ್ಮ ಕಾಲುಗುರು ನೋಡಿಕೊಂಡಿರುವುದೇ ಇಲ್ಲ. ಒಳಚಡ್ಡಿ ಹಾಕುವಾಗ ಅದು ಕಾಲ ಬೆರಳಿಗೆ ತಾಗಿ ಮೇಲಕ್ಕೆ ಬರುತ್ತದೆ, ಅಷ್ಟು ಸಾಕು. ಅದಕ್ಕೇ ಮೊದಲು ಸಾಕ್ಸ್ ಹಾಕಿಕೊಂಡು ಆಮೇಲೆ ಒಳಚಡ್ಡಿ ಹಾಕಿ ಅಂತ ಚರ್ಮದ ಡಾಕ್ಟರುಗಳು ಹೇಳುವುದು.

ಮಲೆನಾಡಿನ ಕೈ, ಮಲೆನಾಡಿನ ಕಾಲು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಕಟ್ಟಿದ ಗಳದಲ್ಲಿ ಹೊಗೆ ವಾಸನೆಯ ಜೊತೆ ಅರ್ಧ ಒಣಗಿದ ಸಾಕ್ಸನ್ನು ಬೆಳಿಗ್ಗೆ ಮಕ್ಕಳಿಗೆ ಹಾಕಿ ಶಾಲೆಗೆ ಕಳಿಸುವುದು ಎಷ್ಟು ಮನೆಗಳಲ್ಲಿ ಇಲ್ಲ? ಗದ್ದೆ ನಾಟಿಯವರ ಕಾಲು ದಿನವಿಡೀ ಕೆಸರಲ್ಲಿ. ಇಂಬಳಕ್ಕೆ, ಹಾವಿಗೆ ಹೆದರಿ ಗಂಬೂಟು ಹಾಕಿಕೊಂಡವರ ಕಾಲು ಬೆವರಲ್ಲಿ. ಗಂಬೂಟು ಬೇಡ ಅಂತಲ್ಲ, ಅದು ಬೇಕೇ ಬೇಕು. ಆದರೆ ರಬ್ಬರಿನೊಳಗೆ ಆರೇಳು ಗಂಟೆ ನೆನೆದ ಕಾಲಿಗೆ ಸಂಜೆ ಒರೆಸಿ ಒಣಗಿಸುವ ಐದು ನಿಮಿಷ ಸಿಗದಿದ್ದರೆ ಫಂಗಸ್‌ಗೆ ಅದೇ ಸಾಕು.

ಕೈಯ ಕಥೆ ಬೇರೆ. ಅದು ಹೆಂಗಸರದೇ ಜಾಸ್ತಿ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಸಂಜೆಯಿಂದ ನಡುರಾತ್ರಿಯ ತನಕ ಕೂತವರ ಬೆರಳನ್ನು ಹತ್ತಿರದಿಂದ ನೋಡಿ. ಹಸಿ ಅಡಿಕೆಯ ರಸಕ್ಕೆ ಬೆರಳ ತುದಿ ಕಪ್ಪಗಾಗಿದೆ. ಸಿಪ್ಪೆಯ ನಾರು ಉಗುರಿನ ಅಡಿಗೆ ಚುಚ್ಚಿ ಚುಚ್ಚಿ ಉಗುರು ಬುಡದಿಂದ ಸ್ವಲ್ಪ ಬಿಟ್ಟುಕೊಂಡಿದೆ. ಉಗುರಿನ ಬುಡದಲ್ಲಿ ಚರ್ಮದ ಒಂದು ಸಣ್ಣ ಪದರ ಇರುತ್ತದಲ್ಲ, ಬಾಗಿಲಿನ ಹಾಗೆ ಮುಚ್ಚಿಕೊಂಡಿರುವುದು, ಅದು ಸವೆದು ಹೋಗಿದೆ. ಆ ಕೈ ಬೆಳಿಗ್ಗೆ ಎದ್ದು ಪಾತ್ರೆ ತೊಳೆಯಬೇಕು, ಕೊಟ್ಟಿಗೆ ಬಾಚಬೇಕು, ಬಟ್ಟೆ ಒಗೆಯಬೇಕು. ಬಾಗಿಲು ಮುರಿದ ಮನೆಗೆ ಯಾರು ಬೇಕಾದರೂ ನುಗ್ಗಬಹುದು. ಮೊದಲು ಸೋಪು, ನೀರು ನುಗ್ಗಿ ಉರಿಯೂತ ತರುತ್ತವೆ. ಹಿಂದೆಯೇ ಕ್ಯಾಂಡಿಡಾ ಅನ್ನುವ ಇನ್ನೊಂದು ಫಂಗಸ್ ಬರುತ್ತದೆ. ಉಗುರಿನ ಸುತ್ತ ಊದಿಕೊಳ್ಳುತ್ತದೆ, ವಾರಕ್ಕೊಮ್ಮೆ ಕಮ್ಮಿಯಾಗಿ ಮತ್ತೆ ಬರುತ್ತದೆ. ಇದು ತಿಂಗಳುಗಟ್ಟಲೆ ಎಳೆಯುವ ಉಗುರುಸುತ್ತು.

ಉಗುರುಸುತ್ತಿಗೆ ನಿಂಬೆಹಣ್ಣಿಗೆ ತೂತು ಮಾಡಿ ಬೆರಳು ತೂರಿಸುವುದು ನಮ್ಮಲ್ಲಿ ತಲೆಮಾರಿನಿಂದ ಬಂದ ಮದ್ದು. ಒಡೆದ ಚರ್ಮಕ್ಕೆ ಹುಳಿ ತಾಗಿದರೆ ಉರಿ ಜಾಸ್ತಿಯಾಗುತ್ತದೆಯೇ ಹೊರತು ತಿಂಗಳುಗಟ್ಟಲೆಯ ಉಗುರುಸುತ್ತು ಅದರಿಂದ ವಾಸಿಯಾಗುವುದಿಲ್ಲ. ಬೆರಳನ್ನು ನೀರಿನಿಂದ ದೂರ ಇಟ್ಟರೆ ಮಾತ್ರ ಕಮ್ಮಿಯಾಗುತ್ತದೆ. ಇಲ್ಲೇ ತೊಡಕು. ಸುಲಿದ ಲೆಕ್ಕಕ್ಕೆ ಕೂಲಿ ಸಿಗುವವರಿಗೆ ಗ್ಲೌಸ್ ಹಾಕಿಕೊಂಡರೆ ಕೈ ನಿಧಾನ, ಕೈ ನಿಧಾನವಾದರೆ ದುಡ್ಡು ಕಮ್ಮಿ. ಒಳಗೆ ತೆಳು ಹತ್ತಿಯದು, ಮೇಲೆ ರಬ್ಬರಿನದು ಹಾಕಿ ಅಂತ ಪುಸ್ತಕದಲ್ಲಿ ಬರೆದಿರುತ್ತದೆ. ಅದು ಪಾತ್ರೆ ತೊಳೆಯುವಾಗ ಆಗಬಹುದು. ಮೆಟ್ಟುಗತ್ತಿಯ ಮುಂದೆ ಆಗುವುದಿಲ್ಲ. ಈ ರೋಗ ದುಡಿಮೆಗೆ ಅಂಟಿಕೊಂಡೇ ಬರುವಂಥದ್ದು, ಇದನ್ನು ಬರೀ ಶುಚಿತ್ವದ ಪ್ರಶ್ನೆ ಅಂತ ಹೇಳುವುದು ಆ ಹೆಂಗಸರಿಗೆ ಮಾಡುವ ಅನ್ಯಾಯ.

ಹಾಳಾದ ಉಗುರೆಲ್ಲ ಫಂಗಸ್ ಅಲ್ಲ

ನೋಡಲು ಕೆಟ್ಟಿರುವ ಉಗುರುಗಳಲ್ಲಿ ಫಂಗಸ್ ಇರುವುದು ಸುಮಾರು ಅರ್ಧದಷ್ಟರಲ್ಲಿ ಮಾತ್ರ. ಉಳಿದ ಅರ್ಧಕ್ಕೆ ಬೇರೆ ಕಾರಣ. ಸೋರಿಯಾಸಿಸ್ ಇರಬಹುದು, ಕಲ್ಲಿಗೆ ಎಡವಿದ ಪೆಟ್ಟಿರಬಹುದು, ಬಿಗಿ ಚಪ್ಪಲಿ ಇರಬಹುದು, ವಯಸ್ಸೂ ಇರಬಹುದು. ಮಲೆನಾಡಿನಲ್ಲಿ ಇನ್ನೊಂದು ಸೇರಿಸಿಕೊಳ್ಳಬೇಕು: ಚೊಗರು. ಅಡಿಕೆ ಬೇಯಿಸಿದ ಚೊಗರಿನ ಬಣ್ಣ ಉಗುರಿಗೆ ಹತ್ತಿದರೆ ತಿಂಗಳಾದರೂ ಹೋಗುವುದಿಲ್ಲ. ಆದರೆ ಆ ಉಗುರು ನುಣ್ಣಗೇ ಇರುತ್ತದೆ, ದಪ್ಪವಾಗುವುದಿಲ್ಲ, ಪುಡಿಯಾಗುವುದಿಲ್ಲ, ಬೆಳೆದಂತೆ ಕಲೆ ತುದಿಗೆ ಹೋಗಿ ಕತ್ತರಿಸಿ ಹೋಗುತ್ತದೆ. ಮದರಂಗಿಯದೂ ಹಾಗೇ. ಮಳೆಗಾಲದಲ್ಲಿ ಕಾಲಿಗೆ ಮದರಂಗಿ ಹಚ್ಚುವುದು ಚರ್ಮಕ್ಕೆ ಹಿತ ಅನ್ನಿಸಬಹುದು, ಆದರೆ ಉಗುರಿನ ಬಣ್ಣವೇ ಮುಚ್ಚಿಹೋದರೆ ಅಡಿಯಲ್ಲಿ ಏನಾಗುತ್ತಿದೆ ಅಂತ ಕಾಣುವುದಿಲ್ಲ.

ಪೆಟ್ಟು ಬಿದ್ದ ನೆನಪಿಲ್ಲದೆ ಒಂದೇ ಒಂದು ಉಗುರಿನಲ್ಲಿ ಕಪ್ಪು ಗೆರೆ ಮೂಡಿ, ಅಗಲವಾಗುತ್ತಾ ಬುಡದ ಚರ್ಮಕ್ಕೂ ಬಣ್ಣ ಹರಡಿದರೆ ಮಾತ್ರ ತಡ ಮಾಡಬಾರದು. ಅದು ಅಪರೂಪದ ಒಂದು ಕ್ಯಾನ್ಸರ್ ಆಗಿರಬಹುದು.

ಹಾಗಾದರೆ ಗೊತ್ತಾಗುವುದು ಹೇಗೆ? ಉಗುರಿನ ಅಡಿಯ ಪುಡಿಯನ್ನು ಕೆರೆದು ಸ್ಲೈಡಿನ ಮೇಲೆ ಹಾಕಿ, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಕೆಒಎಚ್ ಪರೀಕ್ಷೆ ಅಂತ ಹೆಸರು. ಸುಲಭ, ಅಗ್ಗ. ಯಾವ ಜಾತಿ ಅಂತ ತಿಳಿಯಬೇಕಾದರೆ ಕಲ್ಚರ್ ಮಾಡಬೇಕು, ಅಂದರೆ ಆ ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಬೇಕು, ಅದಕ್ಕೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಒಂದು ಸಲ ಕೆಒಎಚ್‌ನಲ್ಲಿ ಏನೂ ಕಾಣಲಿಲ್ಲ ಅಂದರೆ ಫಂಗಸ್ ಇಲ್ಲವೇ ಇಲ್ಲ ಅಂತಲ್ಲ, ಕೆರೆದ ಜಾಗ ಸರಿಯಿಲ್ಲದಿರಬಹುದು. ಅದಕ್ಕೆ ಅನುಮಾನ ಇದ್ದರೆ ಎರಡನೇ ಸಲ ನೋಡುತ್ತಾರೆ.

ಟ್ಯೂಬಿನ ಕಥೆ

ಈಗ ಆ ದಾರಿಗೆ ಬರೋಣ. ತುರಿಕೆ ಶುರುವಾದರೆ ನಾವು ಮಾಡುವ ಮೊದಲ ಕೆಲಸ ಮೆಡಿಕಲ್‌ಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅನ್ನುವುದು. ಕೊಡುವ ಟ್ಯೂಬಿನಲ್ಲಿ ಹೆಚ್ಚಾಗಿ ಮೂರ್ನಾಲ್ಕು ಔಷಧ ಬೆರೆತಿರುತ್ತವೆ: ಫಂಗಸ್‌ಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕ್ಲೊಬೆಟಾಸಾಲ್ ಅಥವಾ ಬೀಟಾಮೆಥಾಸೋನ್‌ನಂಥ ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಒಳ್ಳೆ ಔಷಧ ಅಂತ ಪಕ್ಕದ ಮನೆಯವರಿಗೂ ಹೇಳುತ್ತೇವೆ.

ಆದದ್ದು ಏನು ಅಂದರೆ, ತುರಿಕೆ, ಕೆಂಪು ಎಲ್ಲ ದೇಹ ಫಂಗಸ್ ಜೊತೆ ಹೋರಾಡುವ ಗುರುತು. ಸ್ಟೀರಾಯ್ಡ್ ಆ ಹೋರಾಟವನ್ನೇ ನಿಲ್ಲಿಸಿತು. ಫಂಗಸ್ ಸಾಯಲಿಲ್ಲ, ಅದಕ್ಕೆ ಅಡ್ಡಿ ಇಲ್ಲದಂತಾಯಿತು. ಗುಣವಾಯಿತು ಅಂತ ವಾರಕ್ಕೆ ಟ್ಯೂಬ್ ಬಿಟ್ಟೆವು. ಹದಿನೈದು ದಿನಕ್ಕೆ ಮತ್ತೆ ಬಂತು, ಈ ಸಲ ಎರಡು ಪಟ್ಟು ಅಗಲ. ಮತ್ತೆ ಹಚ್ಚಿದೆವು. ಹೀಗೆ ಪ್ರತಿ ಸಲವೂ ಫಂಗಸ್‌ನ ಔಷಧ ಅರೆಬರೆ ಸಿಕ್ಕಿ, ಅದಕ್ಕೆ ಬಗ್ಗುವ ಫಂಗಸ್ ಸತ್ತು, ಬಗ್ಗದೆ ಇರುವುದು ಉಳಿದು ಬೆಳೆಯಿತು. ಟರ್ಬಿನಾಫಿನ್ ಕೆಲಸ ಮಾಡುವುದು ಫಂಗಸ್‌ನೊಳಗಿನ ಒಂದು ಕಿಣ್ವವನ್ನು ತಡೆದು. ಇಂಡೊಟಿನಿಯೆಯಲ್ಲಿ ಆ ಕಿಣ್ವದ ಜೀನ್ ಬದಲಾಗಿ ಔಷಧ ಅದಕ್ಕೆ ಅಂಟಿಕೊಳ್ಳದಂತಾಗಿದೆ. ಭಾರತದಲ್ಲಿ ಇದು ಇಷ್ಟು ಹಬ್ಬಲು ಸ್ಟೀರಾಯ್ಡ್ ಬೆರೆತ ಕ್ರೀಮುಗಳ ಬೇಕಾಬಿಟ್ಟಿ ಬಳಕೆ ಒಂದು ದೊಡ್ಡ ಕಾರಣ ಅನ್ನುವುದು ಚರ್ಮರೋಗ ತಜ್ಞರ ಅಭಿಪ್ರಾಯ. ಚರ್ಮ ತೆಳ್ಳಗಾಗಿ ತೊಡೆಯ ಮೇಲೆ ಬಾಣಂತಿಯ ಹೊಟ್ಟೆಯ ಮೇಲಿನಂಥ ಗೆರೆಗಳು ಶಾಶ್ವತವಾಗಿ ಉಳಿಯುವುದು ಬೇರೆ.

ಸರ್ಕಾರ ಸುಮ್ಮನೆ ಕೂತಿರಲಿಲ್ಲ. 2018ರ ಮಾರ್ಚ್‌ನಲ್ಲಿ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಕೇಂದ್ರ ಆರೋಗ್ಯ ಸಚಿವಾಲಯ ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಷೇಧವಾದ 328 ಬೆರಕೆ ಔಷಧಗಳಲ್ಲಿ ಇಂಥ ಕೆಲವು ಕ್ರೀಮುಗಳೂ ಇದ್ದವು. ಕಾನೂನು ಬಂತು, ಅಭ್ಯಾಸ ಹೋಗಲಿಲ್ಲ.

ಇಲ್ಲಿ ಎರಡು ವಾದ ಇವೆ. ಚರ್ಮರೋಗ ತಜ್ಞರ ಸಂಘದವರು ವರ್ಷಗಳಿಂದ ಹೇಳುತ್ತಿರುವುದು, ಚೀಟಿ ಇಲ್ಲದೆ ಒಂದು ಟ್ಯೂಬೂ ಹೋಗಬಾರದು ಅಂತ. ಇನ್ನೊಂದು ಕಡೆಯವರದು ಊರಿನ ಮಾತು. ಹೊಸನಗರದ ಒಳಹಳ್ಳಿಯವರು ಚರ್ಮದ ಡಾಕ್ಟರನ್ನು ನೋಡಲು ಶಿವಮೊಗ್ಗಕ್ಕೆ ಬರಬೇಕು. ಬಸ್ಸು, ಸರದಿ, ಒಂದು ದಿನದ ಕೂಲಿ. ತುರಿಕೆಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಟ್ಯೂಬ್ ನಿಲ್ಲಿಸಿದರೆ ಅವರು ಹೋಗುವುದು ಹೆಸರಿಲ್ಲದ ಡಬ್ಬಿಯಲ್ಲಿ ಸಂತೆಯಲ್ಲಿ ಸಿಗುವ ಮುಲಾಮಿಗೆ, ಅದರಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ.

ಎರಡನೇ ವಾದದಲ್ಲಿರುವ ಕಷ್ಟ ನಿಜ. ಆದರೆ ಅದಕ್ಕೆ ಉತ್ತರ ಸ್ಟೀರಾಯ್ಡ್ ಅಲ್ಲ. ಸ್ಟೀರಾಯ್ಡ್ ಇಲ್ಲದ, ಫಂಗಸ್‌ಗೆ ಮಾತ್ರ ಇರುವ ಕ್ಲೊಟ್ರಿಮಜೋಲ್‌ನಂಥ ಮುಲಾಮು ಅಗ್ಗಕ್ಕೇ ಸಿಗುತ್ತದೆ. ಮತ್ತೆ, ಕಫ ಪರೀಕ್ಷೆಗೆ, ಮಲೇರಿಯಾ ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೈಕ್ರೋಸ್ಕೋಪ್, ಲ್ಯಾಬ್ ಟೆಕ್ನಿಷಿಯನ್ ಮೊದಲೇ ಇದ್ದಾರೆ. ಅದೇ ಮೈಕ್ರೋಸ್ಕೋಪಿನಲ್ಲಿ ಕೆಒಎಚ್ ಸ್ಲೈಡೂ ನೋಡಬಹುದು. ಬೇಕಾದ್ದು ಸ್ವಲ್ಪ ತರಬೇತಿ, ಒಂದು ಬಾಟಲಿ ದ್ರಾವಣ. ಕಷ್ಟದ ಕೇಸು ಮಾತ್ರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಲಿ. ಇಷ್ಟು ಸುಲಭದ ಕೆಲಸವನ್ನು ಯಾರೂ ಕೇಳುತ್ತಿಲ್ಲ ಅನ್ನುವುದೇ ಬೇಜಾರು.

ತೋಟಕ್ಕೆ ಹೊಡೆದ ಔಷಧ ಕಾರಣವಾ?

ಈ ಪ್ರಶ್ನೆ ಬರುವುದು ಸಹಜ. ಎಲೆಚುಕ್ಕಿಗೆ ಪ್ರೊಪಿಕೊನಜೋಲ್ ಹೊಡೆಯುತ್ತೇವೆ, ಆಸ್ಪತ್ರೆಯಲ್ಲಿ ಇಟ್ರಾಕೊನಜೋಲ್ ಕೊಡುತ್ತಾರೆ. ಹೆಸರಿನ ಬಾಲ ಒಂದೇ, ಗುಂಪೂ ಒಂದೇ: ಏಜೋಲ್. ಹೊಲದ ಏಜೋಲ್‌ನಿಂದ ಮನುಷ್ಯರ ಔಷಧ ಕೆಲಸ ಮಾಡದಂತಾದ ಉದಾಹರಣೆಯೂ ಇದೆ. ಆದರೆ ಅದು ಶ್ವಾಸಕೋಶಕ್ಕೆ ಬರುವ ಆಸ್ಪರ್ಜಿಲಸ್ ಫ್ಯುಮಿಗೇಟಸ್ ವಿಷಯ, ನೆದರ್ಲೆಂಡಿನಲ್ಲಿ ಮೊದಲು ಜೋರಾಗಿ ಕಂಡದ್ದು. ಆ ಫಂಗಸ್ ಮಣ್ಣಲ್ಲಿ, ಕೊಳೆಯುವ ಗೊಬ್ಬರದಲ್ಲಿ ಬದುಕುತ್ತದೆ, ಹಾಗಾಗಿ ಹೊಲದ ಔಷಧ ಅದಕ್ಕೆ ನೇರವಾಗಿ ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾಡಿದ ಅಪಾಯಕಾರಿ ಫಂಗಸ್‌ಗಳ ಪಟ್ಟಿಯಲ್ಲಿ ಅದು ಮೊದಲ ಸಾಲಿನಲ್ಲಿದೆ.

ಉಗುರಿನ ಫಂಗಸ್ ಬದುಕುವುದು ಮನುಷ್ಯರ ಮೇಲೆ. ಇಂಡೊಟಿನಿಯೆ ಮುಖ್ಯವಾಗಿ ಬಗ್ಗದಿರುವುದು ಟರ್ಬಿನಾಫಿನ್‌ಗೆ, ಅದು ಏಜೋಲ್ ಅಲ್ಲ, ಅದನ್ನು ತೋಟಕ್ಕೆ ಯಾರೂ ಹೊಡೆಯುವುದಿಲ್ಲ. ಬೋರ್ಡೋ ದ್ರಾವಣವಂತೂ ಮೈಲುತುತ್ತ ಮತ್ತು ಸುಣ್ಣ, ಅದರ ದಾರಿಯೇ ಬೇರೆ. ಅದರಿಂದ ಕೈ ಒಣಗಿ ಬಿರಿಯುತ್ತದೆ, ಬಿರಿದ ಕೈಗೆ ಫಂಗಸ್ ಹತ್ತುವುದು ಸುಲಭ. ಸಂಬಂಧ ಅಷ್ಟೇ.

ಮಾತ್ರೆ ನುಂಗಬೇಕಾ, ಬಿಡಬೇಕಾ?

ಡಾಕ್ಟರುಗಳ ನಡುವೆಯೇ ಒಮ್ಮತ ಇಲ್ಲದ ಜಾಗ ಇದು. ನೋವಿಲ್ಲದ, ಒಂದೆರಡು ಉಗುರಿಗೆ ಮಾತ್ರ ಬಂದ, ವಯಸ್ಸಾದವರಿಗೆ ಸುಮ್ನೆ ಬಿಟ್ಟರೂ ನಡೆಯುತ್ತದೆ ಅನ್ನುವವರಿದ್ದಾರೆ. ಅದು ತಪ್ಪಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಆ ಮಾತು ನಡೆಯುವುದಿಲ್ಲ. ಅವರ ಕಾಲಿಗೆ ಸ್ಪರ್ಶ ಕಮ್ಮಿ. ದಪ್ಪ ಉಗುರು ಪಕ್ಕದ ಬೆರಳನ್ನು, ಅಡಿಯ ಮಾಂಸವನ್ನು ಒತ್ತಿ ಗಾಯ ಮಾಡಿದರೂ ಗೊತ್ತಾಗುವುದಿಲ್ಲ, ಗೊತ್ತಾಗುವಷ್ಟರಲ್ಲಿ ಕೀವು ತುಂಬಿರುತ್ತದೆ. ಬೆರಳ ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಹೋಗಿ ಮೊಣಕಾಲ ತನಕ ಕೆಂಪಗೆ ಊದಿ ಜ್ವರ ಬರುವುದೂ ಉಂಟು, ಅದು ಒಮ್ಮೆ ಬಂದವರಿಗೆ ಮತ್ತೆ ಮತ್ತೆ ಬರುತ್ತದೆ. ಇಂಥವರಿಗೆ ಉಗುರು ಚೆಂದದ ಪ್ರಶ್ನೆ ಅಲ್ಲ, ಕಾಲು ಉಳಿಸಿಕೊಳ್ಳುವ ಪ್ರಶ್ನೆ.

ಚಿಕಿತ್ಸೆ ಬೇಕು ಅಂತಾದರೆ ಟರ್ಬಿನಾಫಿನ್ 250 ಮಿಲಿಗ್ರಾಂ ದಿನಕ್ಕೊಂದು, ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ. ಉಗುರಿನ ಹಳೆಯ ಫಂಗಸ್‌ಗೆ ಇದು ಈಗಲೂ ಒಳ್ಳೆಯ ಔಷಧ. ಸುದ್ದಿ ನೋಡಿ, ಆ ಮಾತ್ರೆ ಈಗ ಕೆಲಸ ಮಾಡುವುದಿಲ್ಲವಂತೆ, ಅಂತ ಅರ್ಧಕ್ಕೆ ಬಿಡುವುದು ದೊಡ್ಡ ತಪ್ಪು. ಇನ್ನೊಂದು ದಾರಿ ಇಟ್ರಾಕೊನಜೋಲ್, ತಿಂಗಳಿಗೆ ಒಂದು ವಾರದ ಹಾಗೆ. ಹೃದಯ ದುರ್ಬಲ ಇರುವವರಿಗೆ ಅದು ಆಗುವುದಿಲ್ಲ, ಕೊಲೆಸ್ಟರಾಲ್‌ನ ಕೆಲವು ಮಾತ್ರೆಗಳ ಜೊತೆಯೂ ಆಗುವುದಿಲ್ಲ. ಲಿವರ್‌ಗೆ ತೊಂದರೆ ಆಗುತ್ತದಾ ಅನ್ನುವ ಹೆದರಿಕೆ ಎಲ್ಲರಿಗೂ ಇದೆ. ಟರ್ಬಿನಾಫಿನ್‌ನಿಂದ ಲಿವರ್‌ಗೆ ಗಂಭೀರ ತೊಂದರೆ ಅಪರೂಪ, ಆದರೂ ಮೊದಲು ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ನಾಲಿಗೆಗೆ ರುಚಿ ಹೋದರೆ, ಕಣ್ಣು ಹಳದಿಯಾದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ನಿಜಕ್ಕೂ ಹೆದರಬೇಕಾದ್ದು ಕೀಟೊಕೊನಜೋಲ್ ಮಾತ್ರೆಗೆ. ಉಗುರಿಗೆ ಅದನ್ನು ಕೊಡಲೇಬಾರದು ಅಂತ ಅಮೆರಿಕದ ಔಷಧ ಇಲಾಖೆ 2013ರಲ್ಲೂ, ಒಬ್ಬ ರೋಗಿ ತೀರಿಕೊಂಡ ಮೇಲೆ 2016ರಲ್ಲೂ ಎಚ್ಚರಿಸಿದೆ.

ಪರೀಕ್ಷೆ ಮಾಡದೆ ಮಾತ್ರೆ ಕೊಡಬಹುದಾ? ಬೇಡ ಅನ್ನುತ್ತದೆ ಅಮೆರಿಕದ ಚರ್ಮರೋಗ ತಜ್ಞರ ಅಕಾಡೆಮಿ. ಮಾತ್ರೆ ಅಗ್ಗ, ಪರೀಕ್ಷೆಯೇ ದುಬಾರಿ, ನೇರವಾಗಿ ಕೊಟ್ಟುಬಿಡಿ ಅನ್ನುವವರೂ ಅಲ್ಲೇ ಇದ್ದಾರೆ. ನಮ್ಮಲ್ಲಿ ಲೆಕ್ಕ ಉಲ್ಟಾ. ಇಲ್ಲಿ ಕೆಒಎಚ್ ಅಗ್ಗ, ಮತ್ತು ಬಗ್ಗದ ಫಂಗಸ್ ಇರುವುದೂ ಇಲ್ಲೇ. ಫಂಗಸ್ ಇಲ್ಲದವರಿಗೆ ಮೂರು ತಿಂಗಳು ಮಾತ್ರೆ ಕೊಟ್ಟು ಏನು ಪ್ರಯೋಜನ?

ಕೈ ಮುಚ್ಚಿಕೊಳ್ಳುವವರು

ಮದುವೆ ಮನೆಯಲ್ಲಿ ಬಡಿಸಲು ಕರೆದರೆ ಬೇಡ ಅನ್ನುವ, ಫೋಟೊ ತೆಗೆಯುವಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುವ, ದೇವಸ್ಥಾನದ ಮೆಟ್ಟಿಲಲ್ಲಿ ಚಪ್ಪಲಿ ಬಿಡುವಾಗ ಎಲ್ಲರೂ ಹೋಗಲಿ ಅಂತ ಹಿಂದೆ ನಿಲ್ಲುವ ಜನ ನಮ್ಮ ನಡುವೆ ಇದ್ದಾರೆ. ಹೋಟೆಲಿನಲ್ಲಿ ಸಪ್ಲೈ ಮಾಡುವ ಹುಡುಗನ ಬೆರಳು ನೋಡಿ ಗಿರಾಕಿ ಮುಖ ಸಿಂಡರಿಸಿದರೆ ಅವನ ಕೆಲಸಕ್ಕೇ ಕುತ್ತು. ಕೆಲವು ಮನೆಗಳಲ್ಲಿ ಇದನ್ನು ಕುಷ್ಠ ಅಂದುಕೊಂಡು ಹೆದರುತ್ತಾರೆ. ಇನ್ನು ಕೆಲವರು ನಾಗದೋಷ ಅಂತ ಪೂಜೆ ಮಾಡಿಸುತ್ತಾರೆ. ನಂಬಿಕೆ ಅವರವರದು, ಪೂಜೆ ಮಾಡಿಸಿಕೊಳ್ಳಲಿ. ಆದರೆ ಪೂಜೆಯ ಫಲ ನೋಡೋಣ ಅಂತ ಆರು ತಿಂಗಳು ಕಾದರೆ ಅಷ್ಟರಲ್ಲಿ ಎರಡು ಉಗುರು ಇದ್ದದ್ದು ಐದಾಗಿರುತ್ತದೆ.

ಅಂಟುವುದು ಹೇಗೆ ಅಂತ ಸರಿಯಾಗಿ ಗೊತ್ತಿದ್ದರೆ ಈ ಅರ್ಧ ಸಂಕಟ ಇರುವುದಿಲ್ಲ. ಉಗುರಿನ ಫಂಗಸ್ ಇದ್ದವರು ಬಡಿಸಿದ ಅನ್ನ ಉಂಡರೆ ನಿಮಗೆ ಏನೂ ಆಗುವುದಿಲ್ಲ. ಕೈ ಕುಲುಕಿದರೂ ಹೆದರಬೇಕಿಲ್ಲ. ಅಂಟುವುದು ಒದ್ದೆ ಬಚ್ಚಲ ನೆಲದಿಂದ, ಒಂದೇ ಕಾಲೊರಸಿನಿಂದ, ಹಂಚಿಕೊಂಡ ಚಪ್ಪಲಿ, ಟವೆಲ್ಲು, ಉಗುರು ಕತ್ತರಿಯಿಂದ. ಉದುರಿದ ಚರ್ಮದ ಪುಡಿಯಲ್ಲಿ ಇದು ತಿಂಗಳುಗಟ್ಟಲೆ ಬದುಕಿರಬಲ್ಲದು. ಹಾಗಾಗಿ ಒಬ್ಬರಿಗೆ ಔಷಧ ಮಾಡಿ, ಮನೆಯ ಉಳಿದವರ ಕಾಲು ನೋಡದೆ ಬಿಟ್ಟರೆ ಮತ್ತೆ ಅಲ್ಲಿಗೇ ಬರುತ್ತದೆ. ಅಡುಗೆಯವರು ಎಚ್ಚರ ವಹಿಸಬೇಕಾದ್ದು ಕೀವು ಬರುವ ಉಗುರುಸುತ್ತಿಗೆ, ಅದರಲ್ಲಿರುವ ಬ್ಯಾಕ್ಟೀರಿಯಾದಿಂದ ಊಟ ಕೆಡಬಹುದು.

ಮಲೆನಾಡಿನ ಮನೆಗಳಿಗೆ ಒಂದು ಅನುಕೂಲ ಇದೆ: ಬಚ್ಚಲಿನ ಹಂಡೆ. 60 ಡಿಗ್ರಿಯ ಬಿಸಿ ನೀರಿನಲ್ಲಿ ಒಗೆದರೆ ಬಟ್ಟೆಯಲ್ಲಿರುವ ಈ ಫಂಗಸ್ ಸಾಯುತ್ತದೆ. ಸಾಕ್ಸ್, ಟವೆಲ್ಲು, ಕಾಲೊರಸನ್ನು ವಾರಕ್ಕೊಮ್ಮೆ ಕುದಿಯುವ ನೀರಿಗೆ ಹಾಕಲು ಖರ್ಚೇನೂ ಇಲ್ಲ.

ಗೆರೆ ನೋಡಿ

ಚಿಕಿತ್ಸೆ ಸೋಲುವುದು ಹೆಚ್ಚಾಗಿ ಬಗ್ಗದ ಫಂಗಸ್‌ನಿಂದಲ್ಲ, ಕಾಯದೆ ಇರುವುದರಿಂದ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಕಾಲುಗುರು ಅದರ ಅರ್ಧ ಅಥವಾ ಇನ್ನೂ ಕಮ್ಮಿ. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು ವರ್ಷದಿಂದ ಒಂದೂವರೆ ವರ್ಷ. ಅಂದರೆ ಆಷಾಢದಲ್ಲಿ ಮಾತ್ರೆ ಶುರು ಮಾಡಿ ದೀಪಾವಳಿ ಹೊತ್ತಿಗೆ 12 ವಾರ ಮುಗಿಸಿದರೂ ಉಗುರಿನ ಬಹುಪಾಲು ಇನ್ನೂ ಹಳೆಯ ಉಗುರೇ, ಅಷ್ಟೇ ದಪ್ಪ, ಅಷ್ಟೇ ಹಳದಿ. ಏನೂ ಆಗಲಿಲ್ಲ ಅಂತ ಬಿಡುವವರು, ಬೇರೆ ಟ್ಯೂಬ್ ಹುಡುಕುವವರು ಈ ಹೊತ್ತಿನಲ್ಲೇ ಜಾಸ್ತಿ.

ಇದಕ್ಕೆ ಡಾಕ್ಟರುಗಳು ಮಾಡುವ ಒಂದು ಸಣ್ಣ ಕೆಲಸ ಇದೆ. ಮೊದಲ ದಿನವೇ ಹಾಳಾದ ಭಾಗ ಮತ್ತು ಒಳ್ಳೆಯ ಭಾಗ ಸೇರುವ ಜಾಗದಲ್ಲಿ ಉಗುರಿನ ಮೇಲೆ ಅಡ್ಡಕ್ಕೆ ಒಂದು ಸಣ್ಣ ಗೀರು ಹಾಕುತ್ತಾರೆ. ಉಗುರು ಬೆಳೆದಂತೆ ಆ ಗೀರು ತುದಿಯ ಕಡೆ ಸರಿಯುತ್ತದೆ. ತಿಂಗಳಿಗೊಮ್ಮೆ ಬೆಳಕಿನಲ್ಲಿ ಕೂತು ನೋಡಬೇಕು. ಗೀರಿನ ಹಿಂದೆ ಬುಡದ ಕಡೆಯಿಂದ ಬರುತ್ತಿರುವ ಉಗುರು ತಿಳಿ ಗುಲಾಬಿಯಾಗಿ, ತೆಳ್ಳಗೆ ಇದ್ದರೆ ಔಷಧ ಹಿಡಿದಿದೆ ಅಂತ ಅರ್ಥ, ಮುಂದಿನ ಭಾಗ ಎಷ್ಟೇ ಕೆಟ್ಟದಾಗಿ ಕಂಡರೂ ಸರಿ. ಹಳದಿ ಗೀರನ್ನು ದಾಟಿ ಬುಡದ ಕಡೆ ಬರುತ್ತಿದ್ದರೆ ಮಾತ್ರ ಮತ್ತೆ ಡಾಕ್ಟರ ಹತ್ತಿರ ಹೋಗಿ ಕಲ್ಚರ್ ಮಾಡಿಸಬೇಕು.